ಮೋಡ ಬಂದಾಗಲೆಲ್ಲ ಸೋಲಾರ್ ಪಂಪು ನಿಲ್ಲುತ್ತದೆ: ದೋಷ ಪ್ಯಾನಲ್‌ನದೋ, ಕಂಟ್ರೋಲರ್‌ನದೋ?

ಕೈವಾರದ ತೋಟ
ಎಲ್ಲರಿಗೂ ನಮಸ್ಕಾರ. ನಮ್ಮದು ಚಿಂತಾಮಣಿ ತಾಲ್ಲೂಕು. 900 ಅಡಿಯ ಕೊಳವೆಬಾವಿ, 780 ಅಡಿಗೆ ಇಳಿಸಿರುವ ಏಳೂವರೆ ಎಚ್‌ಪಿ ಸಬ್‌ಮರ್ಸಿಬಲ್ ಪಂಪು, ಒಂದೇ ಸರಣಿಯಲ್ಲಿ ಜೋಡಿಸಿರುವ 540 ವ್ಯಾಟ್‌ನ 14 ಪ್ಯಾನಲ್‌ಗಳು. ನೀರೆತ್ತುವಾಗ ಬಾವಿಯ ಮಟ್ಟ 700 ಅಡಿಯ ಆಸುಪಾಸಿನಲ್ಲಿರುತ್ತದೆ. ಸ್ವಚ್ಛ ಬಿಸಿಲಿದ್ದಾಗ ಪ್ಯಾನಲ್‌ನ ಕರೆಂಟನ್ನು ಮೋಟಾರಿಗೆ ಹೊಂದಿಸಿ ಕೊಡುವ ಕಂಟ್ರೋಲರ್‌ನ (ಡ್ರೈವ್ ಎಂದೂ ಕರೆಯುತ್ತಾರೆ) ಪರದೆಯಲ್ಲಿ ಮೋಟಾರಿನ ವೇಗ 45 ಹರ್ಟ್ಸ್, ಪ್ಯಾನಲ್ ಕಡೆಯದು 530 ವೋಲ್ಟ್ ಎಂದು ಕಾಣುತ್ತದೆ. ಡ್ರಿಪ್‌ಗೆ ನೀರು ಚೆನ್ನಾಗಿಯೇ ಬರುತ್ತದೆ. ತೊಂದರೆಯೇನೆಂದರೆ, ಒಂದು ಮೋಡ ಅಡ್ಡ ಬಂದರೆ ಸಾಕು, ವೋಲ್ಟ್ ಕಣ್ಣು ಮಿಟುಕಿಸುವಷ್ಟರಲ್ಲಿ 400ಕ್ಕಿಂತ ಕೆಳಗೆ ಕುಸಿದು, ಹರ್ಟ್ಸ್ ಇನ್ನೂ 44ರಲ್ಲಿರುವಾಗಲೇ ‘ಅಂಡರ್ ವೋಲ್ಟೇಜ್’ ಎಂದು ಪಂಪು ನಿಂತುಬಿಡುತ್ತದೆ. ಆಮೇಲೆ ಬಿಸಿಲು ಬಂದರೂ ಹತ್ತು ನಿಮಿಷ ಅಲುಗಾಡುವುದಿಲ್ಲ. ಕೆಲವು ಸಲ ‘ಡ್ರೈ ರನ್’ (ನೀರಿಲ್ಲದ ಓಟ) ಎಂದು ತೋರಿಸಿ ಅರ್ಧ ಗಂಟೆ ಸುಮ್ಮನಿರುತ್ತದೆ, ಬಾವಿಯಲ್ಲಿ ನೀರಿದ್ದರೂ!

ಹಾಕಿಕೊಟ್ಟವರನ್ನು ಕೇಳಿದರೆ ಪ್ಯಾನಲ್ ತೊಳೆಯಿರಿ ಎನ್ನುತ್ತಾರೆ, ತೊಳೆದದ್ದೂ ಆಯಿತು. ಪಕ್ಕದ ತೋಟದವರದು ಇದೇ ಅಳತೆಯ ಮೋಟಾರು, ಇಷ್ಟೇ ಪ್ಯಾನಲ್, ಕಂಟ್ರೋಲರ್ ಮಾತ್ರ ಬೇರೆ. ಅವರದು ಅದೇ ಮೋಡದಲ್ಲಿ ನಿಲ್ಲದೆ ಓಡುತ್ತದೆ. ಟೊಮ್ಯಾಟೊ ಕಾಯಿ ಕಟ್ಟುತ್ತಿರುವ ಸಮಯ. ಕಂಟ್ರೋಲರ್ ಬದಲಿಸಬೇಕೇ? ತಿಳಿದವರು ಹೇಳಿ.

ಬಂಗಾರಪೇಟೆ ಬಸ್
ಬದಲಿಸಿಬಿಡಿ ಸ್ವಾಮಿ. ಪಕ್ಕದವರದು ಓಡುತ್ತಿದೆ ಎಂದ ಮೇಲೆ ಇನ್ನೇನು ಸಾಕ್ಷಿ ಬೇಕು?

ಮಾಲೂರು ವೈಂಡಿಂಗ್
ಬದಲಿಸುವ ಮೊದಲು ಇನ್ನೆರಡು ಪ್ಯಾನಲ್‌ಗಳನ್ನು ಅದೇ ಸರಣಿಗೆ ಸೇರಿಸಿ ನೋಡಿ ಅಣ್ಣಾ. ನಮ್ಮ ಕಡೆ ಹಲವರು ಹಾಗೆ ಮಾಡಿಕೊಂಡಿದ್ದಾರೆ. ವೋಲ್ಟ್ ಹೆಚ್ಚಾದರೆ ಮೋಡ ಬಂದರೂ ಸ್ವಲ್ಪ ತಡೆದುಕೊಳ್ಳುತ್ತದೆ.

ಶಿರಾ ಡ್ರೈವ್ ಸರ್ವಿಸ್
ದಯವಿಟ್ಟು ಎರಡು ಸೇರಿಸಬೇಡಿ. ಈ ಪ್ಯಾನಲ್‌ಗಳಲ್ಲಿ ಹೊರೆಯಿಲ್ಲದ ವೋಲ್ಟೇಜ್ ಒಂದಕ್ಕೆ 49.5ರ ಸುಮಾರು ಇರುತ್ತದೆ. 16 ಸೇರಿದರೆ 792 ಆಯಿತು. ಅದು 25 ಡಿಗ್ರಿ ಶಾಖದ ಲೆಕ್ಕ. ಶಾಖ ಇಳಿದಂತೆ ಪ್ರತಿ ಡಿಗ್ರಿಗೆ ಶೇ 0.3ರ ಹತ್ತಿರ ವೋಲ್ಟೇಜ್ ಏರುತ್ತದೆ. ಡಿಸೆಂಬರ್ ಬೆಳಗ್ಗೆ ಚಿಂತಾಮಣಿಯಲ್ಲಿ 15 ಡಿಗ್ರಿ ಇದ್ದರೆ 815ರ ಸುಮಾರು ಬರುತ್ತದೆ. 415 ವೋಲ್ಟ್ ದರ್ಜೆಯ ಬಹಳಷ್ಟು ಡ್ರೈವ್‌ಗಳು 800ರ ಆಸುಪಾಸಿನಲ್ಲಿ ‘ಓವರ್ ವೋಲ್ಟೇಜ್’ ಎನ್ನುತ್ತವೆ. ಕೆಪಾಸಿಟರ್‌ಗಳ ಆಯುಷ್ಯವೂ ಅಲ್ಲಿಗೇ ಮುಗಿಯಬಹುದು. ಒಂದನ್ನು ಸೇರಿಸಿ 15 ಮಾಡಿಕೊಂಡರೆ ಚಳಿಯಲ್ಲೂ 765ರ ಒಳಗಿರುತ್ತದೆ. ಆದರೆ ಇವರ ತೊಂದರೆಗೆ ಅದು ಮದ್ದೇ ಎಂಬುದು ಬೇರೆ ಪ್ರಶ್ನೆ.

ಕೈವಾರದವರೇ, ಮೆನುವಿನಲ್ಲಿ ವೇಗ ಇಳಿಸುವ ಸಮಯ ಎಷ್ಟಿದೆ ಎಂದು ನೋಡಿ ಹೇಳಿ. ನನ್ನ ಅನುಮಾನ ಪೂರ್ತಿ ಅದರ ಮೇಲೆಯೇ ಇದೆ.

ಅಂತಿಮ ವರ್ಷ ಇಇಇ
ಇದು ಸ್ಪಷ್ಟವಾಗಿ ಎಂಪಿಪಿಟಿ, ಅಂದರೆ ಪ್ಯಾನಲ್ ಅತಿ ಹೆಚ್ಚು ಶಕ್ತಿ ಕೊಡುವ ವೋಲ್ಟೇಜನ್ನು ಹುಡುಕುವ ಕ್ರಮಾವಳಿಯ ದೋಷ ಎಂದು ನನಗನ್ನಿಸುತ್ತದೆ. ಅಗ್ಗದ ಕಂಟ್ರೋಲರ್‌ಗಳಲ್ಲಿ ‘ಪರ್ಟರ್ಬ್ ಅಂಡ್ ಅಬ್ಸರ್ವ್’ ವಿಧಾನ ಇರುತ್ತದೆ. ವೋಲ್ಟೇಜನ್ನು ಸ್ವಲ್ಪ ಅಲುಗಿಸಿ, ಶಕ್ತಿ ಹೆಚ್ಚಿದರೆ ಅದೇ ದಿಕ್ಕಿಗೆ, ಕಡಿಮೆಯಾದರೆ ಹಿಂದಕ್ಕೆ ಹೋಗುವುದು ಅದರ ರೀತಿ. ಮೋಡ ಸರಿಯುವಾಗ ಶಕ್ತಿ ತಾನಾಗಿಯೇ ಬದಲಾಗುವುದರಿಂದ ಅದು ದಿಕ್ಕು ತಪ್ಪುತ್ತದೆ. ‘ಇನ್‌ಕ್ರಿಮೆಂಟಲ್ ಕಂಡಕ್ಟೆನ್ಸ್’ ಅಥವಾ ನಾವು ಪ್ರಾಜೆಕ್ಟಿನಲ್ಲಿ ಮಾಡುತ್ತಿರುವ ಸ್ಲೈಡಿಂಗ್ ಮೋಡ್ ನಿಯಂತ್ರಣವಿದ್ದರೆ ಈ ಸಮಸ್ಯೆ ಬರುವುದಿಲ್ಲ. ನಮ್ಮ ಸಿಮ್ಯುಲೇಷನ್‌ನಲ್ಲಿ ಬಿಸಿಲನ್ನು ಒಮ್ಮೆಗೇ ಅರ್ಧಕ್ಕೆ ಇಳಿಸಿದರೂ ವೋಲ್ಟೇಜ್ ಕುಸಿಯಲಿಲ್ಲ.

ಶಿರಾ ಡ್ರೈವ್ ಸರ್ವಿಸ್
ಸಿಮ್ಯುಲೇಷನ್‌ನಲ್ಲಿ 780 ಅಡಿ ಪೈಪು, ಅದರೊಳಗಿನ ನೀರಿನ ಕಂಬ ಇತ್ತೇ ತಮ್ಮಾ?

ಅಂತಿಮ ವರ್ಷ ಇಇಇ
ಇರಲಿಲ್ಲ ಸರ್. ಬೂಸ್ಟ್ ಕನ್ವರ್ಟರ್‌ಗೆ (ಡಿಸಿ ವೋಲ್ಟೇಜ್ ಏರಿಸುವ ಸರ್ಕೀಟು) ರೆಸಿಸ್ಟರ್ ಹೊರೆ ಇಟ್ಟಿದ್ದೇವೆ.

ತುಮಕೂರು ಮೇಷ್ಟ್ರು
ರೆಸಿಸ್ಟರ್ ಹೊರೆ ಇಟ್ಟರೆ ಯಾವ ಕ್ರಮಾವಳಿಯೂ ಚೆನ್ನಾಗಿಯೇ ಕಾಣುತ್ತದೆ. ಏಕೆಂದರೆ ವೋಲ್ಟೇಜ್ ಇಳಿದರೆ ರೆಸಿಸ್ಟರ್ ತಾನೇ ಕಡಿಮೆ ಎಳೆದು ಉಪಕಾರ ಮಾಡುತ್ತದೆ. ಡ್ರೈವ್ ಹಾಗೆ ಮಾಡುವುದಿಲ್ಲ. ಹರ್ಟ್ಸ್ ಬದಲಾಗದಿದ್ದರೆ ಪಂಪು ಕೇಳುವ ಶಕ್ತಿಯೂ ಬಹುತೇಕ ಬದಲಾಗದು, ಆದ್ದರಿಂದ ಡಿಸಿ ವೋಲ್ಟೇಜ್ ಇಳಿದಷ್ಟೂ ಅದು ಹೆಚ್ಚು ಕರೆಂಟ್ ಎಳೆಯುತ್ತದೆ. ಪ್ಯಾನಲ್ ಆದರೋ ಗರಿಷ್ಠ ಶಕ್ತಿಯ ಬಿಂದುವಿನ ಎಡಕ್ಕೆ, ಅಂದರೆ ಅದಕ್ಕಿಂತ ಕಡಿಮೆ ವೋಲ್ಟೇಜಿಗೆ, ಹೋದ ಮೇಲೆ ಹೆಚ್ಚು ಕರೆಂಟ್ ಕೊಡಲಾರದು. ಕೊಡುವವನಲ್ಲಿಲ್ಲ, ಕೇಳುವವನು ಬಿಡುವುದಿಲ್ಲ. ನಡುವಿನ ಕೆಪಾಸಿಟರ್ ಖಾಲಿಯಾಗುತ್ತದೆ.

ಎಷ್ಟು ಬೇಗ ಖಾಲಿಯಾಗುತ್ತದೆ ಎಂದು ಲೆಕ್ಕ ಹಾಕಿ ನೋಡೋಣ. ಕೆಪಾಸಿಟರ್ 1000 ಮೈಕ್ರೋಫ್ಯಾರಡ್ ಎಂದಿಟ್ಟುಕೊಳ್ಳಿ. 530ರಿಂದ 400 ವೋಲ್ಟ್‌ಗೆ ಇಳಿಯುವಾಗ ಅದು ಬಿಟ್ಟುಕೊಡುವ ಶಕ್ತಿ ಸುಮಾರು 60 ಜೌಲ್. ಕೊರತೆ 3 ಕಿಲೋವ್ಯಾಟ್ ಇದ್ದರೆ ಅದು 20 ಮಿಲಿಸೆಕೆಂಡಿಗೆ ಸಾಕು, ಅಷ್ಟೇ. ಎಂಪಿಪಿಟಿ ಸೆಕೆಂಡಿಗೊಮ್ಮೆ ಹೆಜ್ಜೆ ಇಡುವಂಥದ್ದು. ಅದಕ್ಕೆ ಯಾವ ಹೆಸರಿಟ್ಟರೂ ಈ ಓಟದಲ್ಲಿ ಗೆಲ್ಲುವುದಿಲ್ಲ. ಹಾಗೆಂದು ಅದನ್ನೇ ವೇಗಗೊಳಿಸಲೂ ಬಾರದು, ಏಕೆಂದರೆ ಹರ್ಟ್ಸ್ ಬದಲಾದ ಮೇಲೆ ಮೋಟಾರು ಮತ್ತು ನೀರು ಸ್ಥಿಮಿತಕ್ಕೆ ಬರುವ ಮೊದಲೇ ಶಕ್ತಿಯನ್ನು ಅಳೆದರೆ ಸಿಗುವುದು ಸುಳ್ಳು ಲೆಕ್ಕ. ಆದ್ದರಿಂದಲೇ ಎರಡು ನಿಯಂತ್ರಣ ಕುಣಿಕೆಗಳು (ಅಳೆದು ತಿದ್ದುವ ಸುತ್ತುಗಳು) ಬೇಕು: ಒಳಗಡೆ ಡಿಸಿ ವೋಲ್ಟೇಜನ್ನು ಕಾಯುವ ವೇಗದ ಪಿಐ ನಿಯಂತ್ರಕ (ಈಗಿನ ದೋಷಕ್ಕೆ ಅನುಪಾತವಾಗಿಯೂ, ಹಿಂದಿನ ದೋಷಗಳನ್ನು ಕೂಡಿಕೊಂಡೂ ತಿದ್ದುವಂಥದ್ದು), ಹೊರಗಡೆ ಆ ವೋಲ್ಟೇಜ್ ಎಷ್ಟಿರಬೇಕೆಂದು ನಿಧಾನವಾಗಿ ಹುಡುಕುವ ಎಂಪಿಪಿಟಿ. ಎರಡರ ವೇಗದ ನಡುವೆ ಹತ್ತು ಪಟ್ಟಾದರೂ ಅಂತರವಿರಬೇಕು. ಇನ್‌ಕ್ರಿಮೆಂಟಲ್ ಕಂಡಕ್ಟೆನ್ಸ್ ಮತ್ತು ಪರ್ಟರ್ಬ್ ವಿಧಾನಗಳ ಜಗಳ ಪರೀಕ್ಷೆಯ ಪತ್ರಿಕೆಗೆ ಚೆನ್ನ. ಅಳತೆಯಲ್ಲಿ ಗದ್ದಲವಿರುವ ನಿಜವಾದ ಯಂತ್ರದಲ್ಲಿ ಅವೆರಡರ ನಡವಳಿಕೆ ಹೆಚ್ಚುಕಡಿಮೆ ಒಂದೇ.

ಅಂತಿಮ ವರ್ಷ ಇಇಇ
ಸರ್, ಆದರೆ ಮೋಡ 20 ಮಿಲಿಸೆಕೆಂಡಿನಲ್ಲಿ ಬರುವುದಿಲ್ಲವಲ್ಲ. ಅದರ ಅಂಚು ದಾಟುವುದಕ್ಕೇ ಒಂದೆರಡು ಸೆಕೆಂಡು ಬೇಕು.

ತುಮಕೂರು ಮೇಷ್ಟ್ರು
ಒಳ್ಳೆಯ ಆಕ್ಷೇಪ. ಮೊದಲ ಒಂದೆರಡು ಸೆಕೆಂಡು ವೋಲ್ಟೇಜ್ ನಿಧಾನವಾಗಿಯೇ ಇಳಿಯುತ್ತದೆ. ಗರಿಷ್ಠ ಬಿಂದುವನ್ನು ದಾಟಿ ಎಡಕ್ಕೆ ಬಿದ್ದ ಕ್ಷಣದಿಂದ ಮಾತ್ರ ಅದು ಜಾರುಗತಿ. ಹರ್ಟ್ಸ್ ಇಳಿಸುವ ಕೆಲಸ ಆ ಮೊದಲ ಒಂದೆರಡು ಸೆಕೆಂಡಿನಲ್ಲಿಯೇ ಆಗಿಬಿಡಬೇಕು. ಇವರ ಕಂಟ್ರೋಲರ್ ಆಗ ಏಕೆ ಸುಮ್ಮನಿರುತ್ತದೆ ಎಂಬುದೇ ನಿಜವಾದ ಪ್ರಶ್ನೆ.

ತಿರುಮಣಿ ಪಾಳಿ
ಪಾವಗಡದ ಸೋಲಾರ್ ಪಾರ್ಕಿನಲ್ಲಿ ಪಾಳಿ ಮಾಡುವವನು ನಾನು. 2050 ಮೆಗಾವ್ಯಾಟ್, ಸುಮಾರು 13,000 ಎಕರೆಯ ಹರವು; ಒಂದು ಮೋಡ ಅದರ ಒಂದು ಮೂಲೆಯನ್ನು ಮುಚ್ಚುವಷ್ಟರಲ್ಲಿ ಇನ್ನೊಂದು ಮೂಲೆ ಬಿಸಿಲಿಗೆ ಬಂದಿರುತ್ತದೆ. ನಮ್ಮ ಇನ್ವರ್ಟರ್‌ಗಳು ಮೋಡಕ್ಕೆ ಹೀಗೆ ಬೀಳುವುದಿಲ್ಲ, ಏಕೆಂದರೆ ಹಿಂದೆ ಗ್ರಿಡ್ ಇದೆ. ನಾವು ಎಷ್ಟು ಕೊಟ್ಟರೂ ಅದು ತೆಗೆದುಕೊಳ್ಳುತ್ತದೆ, ಕಡಿಮೆ ಕೊಟ್ಟರೂ ಜಗಳವಾಡುವುದಿಲ್ಲ. ಇನ್ವರ್ಟರ್ ಮಾಡಬೇಕಾದದ್ದೆಂದರೆ ಪಿಎಲ್‌ಎಲ್ ಮೂಲಕ ಗ್ರಿಡ್‌ನ ಹೆಜ್ಜೆಗೆ ಹೆಜ್ಜೆ ಹಾಕುತ್ತಾ, ಡಿಸಿ ವೋಲ್ಟೇಜ್ ನಿಲ್ಲುವಷ್ಟು ಕರೆಂಟನ್ನು ಹೊರಗೆ ತಳ್ಳುವುದು. ಉತ್ಪಾದನೆ ತಗ್ಗಿಸಿ ಎಂಬ ಸೂಚನೆ ಬಂದಾಗ ಮಾತ್ರ ಡಿಸಿ ವೋಲ್ಟೇಜನ್ನು ಗರಿಷ್ಠ ಬಿಂದುವಿನಿಂದ ಬಲಕ್ಕೆ ಸರಿಸುತ್ತೇವೆ. ಕೊಳವೆಬಾವಿಯವರಿಗೆ ಗ್ರಿಡ್ ಇಲ್ಲ. ಪಂಪೊಂದೇ ಎಲ್ಲವನ್ನೂ ಹೊರಬೇಕು. ಅವರ ನಿಯಂತ್ರಣ ನಮ್ಮದಕ್ಕಿಂತ ಕಷ್ಟದ್ದು ಎಂದು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ.

ಕೈವಾರದ ತೋಟ
ಮೆನು ತೆರೆದು ನೋಡಿದೆ. ವೇಗ ಏರಿಸುವ ಸಮಯ 20 ಸೆಕೆಂಡ್, ಇಳಿಸುವ ಸಮಯವೂ 20 ಸೆಕೆಂಡ್. ಪಂಪಿನ ಪುಸ್ತಕದಲ್ಲಿ 50 ಹರ್ಟ್ಸ್‌ಗೆ ಗರಿಷ್ಠ ಹೆಡ್ (ನೀರೆತ್ತಬಲ್ಲ ಎತ್ತರ) 366 ಮೀಟರ್ ಎಂದಿದೆ. ಬೇರೆ ಏನು ನೋಡಲಿ?

ಶಿರಾ ಡ್ರೈವ್ ಸರ್ವಿಸ್
ಸಿಕ್ಕಿತು ನೋಡಿ. 50ರಿಂದ ಸೊನ್ನೆಗೆ 20 ಸೆಕೆಂಡ್ ಎಂದರೆ 45ರಿಂದ 38ಕ್ಕೆ ಇಳಿಯಲು ಸುಮಾರು ಮೂರು ಸೆಕೆಂಡ್ ಬೇಕು. ಮೋಡ ಅಷ್ಟು ಕಾಯುವುದಿಲ್ಲ. ಇಳಿಸುವ ಸಮಯವನ್ನು 2 ಸೆಕೆಂಡ್ ಮಾಡಿ. ನೀರಿನ ಹೊರೆಯೇ ಪಂಪನ್ನು ತಡೆಯುವುದರಿಂದ ಬ್ರೇಕ್ ರೆಸಿಸ್ಟರ್ ಬೇಕಾಗದು. ಆದರೂ ಅರ್ಧ ಸೆಕೆಂಡಿಗೆ ಇಳಿಸಿದರೆ ಮೋಟಾರಿನಿಂದ ಶಕ್ತಿ ಹಿಂದಕ್ಕೆ ಬಂದು ಓವರ್ ವೋಲ್ಟೇಜ್ ಆಗಬಹುದು. ಏರಿಸುವಾಗ 30 ಹರ್ಟ್ಸ್‌ವರೆಗೆ ಒಂದು ಸೆಕೆಂಡಿನಲ್ಲಿ ಹೋಗಲಿ, ಅಲ್ಲಿಂದ ಮೇಲೆ ನಿಧಾನವಾಗಲಿ. 30ಕ್ಕಿಂತ ಕೆಳಗೆ ಸಬ್‌ಮರ್ಸಿಬಲ್ ಮೋಟಾರಿನ ಥ್ರಸ್ಟ್ ಬೇರಿಂಗ್‌ನಲ್ಲಿ ನೀರಿನ ಪೊರೆ ಸರಿಯಾಗಿ ಕಟ್ಟುವುದಿಲ್ಲ, ಬೇರಿಂಗ್ ಸವೆಯುತ್ತದೆ.

ಮಾಲೂರು ವೈಂಡಿಂಗ್
ಬೇರಿಂಗ್ ಮಾತು ನಿಜ. ನಮ್ಮಲ್ಲಿಗೆ ಬರುವ ಸೋಲಾರ್ ಮೋಟಾರುಗಳಲ್ಲಿ ಸವೆದ ಥ್ರಸ್ಟ್ ಪ್ಯಾಡ್‌ಗಳೇ ಹೆಚ್ಚು.

ತುಮಕೂರು ಮೇಷ್ಟ್ರು
ಹೆಡ್ ಹೇಳಿದ್ದು ಒಳ್ಳೆಯದಾಯಿತು. 366 ಮೀಟರ್ ಎಂದರೆ 1200 ಅಡಿ. ಹೆಡ್ ವೇಗದ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ, 700 ಅಡಿಯಿಂದ ನೀರು ಮೇಲೆ ಬಂದು ಚೆಲ್ಲಲು ಕನಿಷ್ಠ 38 ಹರ್ಟ್ಸ್ ಬೇಕು. ಶಕ್ತಿ ವೇಗದ ಘನಕ್ಕೆ ತಕ್ಕಂತೆ ಇಳಿಯುತ್ತದೆ, ಆದ್ದರಿಂದ ಅರ್ಧ ವೇಗದಲ್ಲಿ ಎಂಟನೇ ಒಂದು ಭಾಗ ಶಕ್ತಿ ಸಾಕು ಎಂದು ಕರಪತ್ರಗಳಲ್ಲಿ ಬರೆಯುತ್ತಾರೆ. ಅದು ಕೆರೆಯಿಂದ ಪಕ್ಕದ ಗದ್ದೆಗೆ ನೀರು ಹಾಯಿಸುವವರಿಗೆ ಹೊಂದುವ ಮಾತು. 700 ಅಡಿಯ ಬಾವಿಯಲ್ಲಿ ಅರ್ಧ ವೇಗದ ಪಂಪು ಒಂದು ತೊಟ್ಟನ್ನೂ ಕೊಡದು.

ಮೇಲಿನ ಮಿತಿಯನ್ನೂ ನೋಡಿ. ಡ್ರೈವ್ ಡಿಸಿಯನ್ನು ತುಂಡರಿಸಿ ಎಸಿ ಮಾಡುವುದಕ್ಕೆ ಪಿಡಬ್ಲ್ಯುಎಂ ಎನ್ನುತ್ತಾರೆ; ಅದರ ಸ್ಪೇಸ್ ವೆಕ್ಟರ್ ವಿಧಾನದಲ್ಲಿ ಮೋಟಾರಿಗೆ ಸಿಗುವ ಗರಿಷ್ಠ ವೋಲ್ಟೇಜ್ ಡಿಸಿ ವೋಲ್ಟೇಜಿನ ಶೇ 70.7, ಸರಳ ಸೈನ್ ಪಿಡಬ್ಲ್ಯುಎಂ ಆದರೆ ಶೇ 61.2 ಮಾತ್ರ. 530 ಇದ್ದರೆ 375 ಸಿಗುತ್ತದೆ. 415 ವೋಲ್ಟಿಗೆ 50 ಹರ್ಟ್ಸ್ ಎಂಬ ಅನುಪಾತ ಕಾಯ್ದುಕೊಂಡರೆ 375ಕ್ಕೆ 45 ಹರ್ಟ್ಸ್ ಬರುತ್ತದೆ. ಪರದೆಯಲ್ಲಿ ನೀವು ಕಾಣುತ್ತಿರುವ 45 ಇದೇ. ಇನ್ನೊಂದು ಮಾತು: ಬಿಸಿಲಿಗೆ 60 ಡಿಗ್ರಿ ಕಾದ 14 ಪ್ಯಾನಲ್‌ಗಳ ಗರಿಷ್ಠ ಶಕ್ತಿಯ ಬಿಂದು 510 ವೋಲ್ಟಿನ ಸುಮಾರಿಗೆ ಇರುತ್ತದೆ. ನೀವು 530ರಲ್ಲಿದ್ದೀರಿ, ಅಂದರೆ ಬಲಕ್ಕಿದ್ದೀರಿ. ಪ್ಯಾನಲ್‌ನಲ್ಲಿ ಇನ್ನೂ ಶಕ್ತಿ ಉಳಿದಿದೆ. ತೊಳೆಯುವುದು ಒಳ್ಳೆಯ ಅಭ್ಯಾಸ, ಆದರೆ ಈ ರೋಗ ಧೂಳಿನದಲ್ಲ.

ನನ್ನ ಅನುಮಾನ ಶಿರಾದವರ ಅನುಮಾನಕ್ಕಿಂತ ಸ್ವಲ್ಪ ಬೇರೆ. ಸ್ವಚ್ಛ ಬಿಸಿಲಿನಲ್ಲಿ ಪಿಐ ನಿಯಂತ್ರಕ ‘ವೋಲ್ಟೇಜ್ ಹೆಚ್ಚಿದೆ, ಹರ್ಟ್ಸ್ ಏರಿಸು’ ಎಂದು ಕೇಳುತ್ತಲೇ ಇರುತ್ತದೆ. ಹರ್ಟ್ಸ್ ಮಾತ್ರ 45ರ ಮಿತಿಗೆ ತಾಗಿ ನಿಂತಿದೆ. ಕೇಳಿದ್ದು ಸಿಗದಿದ್ದರೂ ಅದರ ಇಂಟಿಗ್ರೇಟರ್ ದೋಷವನ್ನು ಕೂಡುತ್ತಾ ಹೋಗುತ್ತದೆ. ಮೋಡ ಬಂದು ದೋಷದ ಚಿಹ್ನೆ ತಿರುಗಿದರೂ, ಕೂಡಿಟ್ಟದ್ದೆಲ್ಲ ಕರಗುವವರೆಗೆ ಹರ್ಟ್ಸ್ ಇಳಿಯುವುದೇ ಇಲ್ಲ. ಇದನ್ನು ಇಂಟಿಗ್ರೇಟರ್ ವೈಂಡಪ್ ಎನ್ನುತ್ತಾರೆ. ಮಿತಿಗೆ ತಾಗಿದಾಗ ಕೂಡುವುದನ್ನು ನಿಲ್ಲಿಸಿದರೆ ಸಾಕು. ನಾಲ್ಕು ಸಾಲಿನ ಕೋಡ್.

ಶಿರಾ ಡ್ರೈವ್ ಸರ್ವಿಸ್
ಮೇಷ್ಟ್ರೇ, ಗೌರವದಿಂದಲೇ ಹೇಳುತ್ತೇನೆ, ಇಷ್ಟು ದೂರ ಹೋಗಬೇಕಾಗಿಲ್ಲ. ಇಳಿಸುವ ಸಮಯ 20 ಸೆಕೆಂಡ್ ಇದ್ದ ಮೇಲೆ ಒಳಗಿನ ಪಿಐ ಎಷ್ಟು ಬುದ್ಧಿವಂತನಾಗಿದ್ದರೂ ಫಲವೇನು? ಇಂಥವನ್ನು ಪ್ರತಿ ಮಳೆಗಾಲದಲ್ಲೂ ನೋಡುತ್ತೇನೆ.

ತುಮಕೂರು ಮೇಷ್ಟ್ರು
ನಿಮ್ಮ ಮಾತು ಸುಳ್ಳೆಂದು ನಾನು ಹೇಳಲಿಲ್ಲ. ಎರಡನ್ನೂ ಬೇರ್ಪಡಿಸಿ ನೋಡಲು ಸುಲಭದ ದಾರಿಯಿದೆ. ಮೊಬೈಲಿನಲ್ಲಿ ಪರದೆಯ ವಿಡಿಯೊ ಮಾಡಿ ನಿಧಾನಗತಿಯಲ್ಲಿ ಓಡಿಸಲಿ. ತಪ್ಪು ಇಳಿಕೆಯ ಸಮಯದ್ದೇ ಆದರೆ ವೋಲ್ಟೇಜ್ ಇಳಿಯತೊಡಗಿದ ಕೂಡಲೇ ಹರ್ಟ್ಸ್ ಕೂಡ ಇಳಿಯತೊಡಗುತ್ತದೆ, ನಿಧಾನವಾಗಿಯಾದರೂ ಸರಿ. ವೈಂಡಪ್ ಆದರೆ ಸ್ವಲ್ಪ ಹೊತ್ತು ಹರ್ಟ್ಸ್ ಕದಲುವುದೇ ಇಲ್ಲ.

ಗೌರಿಬಿದನೂರು ಮುಸುಕಿನಜೋಳ
ಪಿಎಂ-ಕುಸುಮ್ ಯೋಜನೆಯಲ್ಲಿ ಹಾಕಿಸಿದ್ದಾದರೆ ಸೆಟ್ಟಿಂಗ್ ಮುಟ್ಟುವ ಮೊದಲು ಯೋಚಿಸಿ. ಐದು ವರ್ಷ ನಿರ್ವಹಣೆಯ ಹೊಣೆ ಹಾಕಿದವರದೇ. ನೀವು ಬದಲಿಸಿದ್ದು ಗೊತ್ತಾದರೆ ಅದನ್ನೇ ನೆಪ ಮಾಡಿ ಕೈತೊಳೆದುಕೊಳ್ಳುತ್ತಾರೆ. ಹಳೆಯ ಸಂಖ್ಯೆಗಳ ಫೋಟೊ ತೆಗೆದಿಟ್ಟುಕೊಂಡು, ಬದಲಾವಣೆಯನ್ನು ಅವರಿಂದಲೇ ಮಾಡಿಸುವುದು ಕ್ಷೇಮ.

ಬಂಗಾರಪೇಟೆ ಬಸ್
ಅಕ್ಕ ಹೇಳಿದ್ದು ಸರಿ. ನಮ್ಮೂರಿನಲ್ಲಿ ಒಬ್ಬರಿಗೆ ಹಾಗೇ ಆಯಿತು.

ಕೈವಾರದ ತೋಟ
ಹಾಕಿದವರ ಮೆಕ್ಯಾನಿಕ್ಕನ್ನೇ ಕರೆಸಿ ಇಳಿಸುವ ಸಮಯವನ್ನು 2 ಸೆಕೆಂಡ್ ಮಾಡಿಸಿದೆ. ತೆಳು ಮೋಡಕ್ಕೆ ಈಗ ನಿಲ್ಲುವುದಿಲ್ಲ. ದಟ್ಟ ಮೋಡ ಚಕ್ಕನೆ ಬಂದರೆ ಮೊದಲಿನಂತೆಯೇ ಬೀಳುತ್ತದೆ. ಮೇಷ್ಟ್ರು ಹೇಳಿದ ಹಾಗೆ ವಿಡಿಯೊ ಮಾಡಿ ಬಿಡಿಬಿಡಿಯಾಗಿ ನೋಡಿದೆವು. ವೋಲ್ಟ್ 530, 521, 508, 490 ಎಂದು ಇಳಿಯುತ್ತಾ ಹೋಗುವಷ್ಟು ಹೊತ್ತೂ ಹರ್ಟ್ಸ್ 45.0ರಲ್ಲಿ ಮೊಳೆ ಹೊಡೆದಂತೆ ನಿಂತಿದೆ. 470 ಬಂದಾಗ 44.6 ಆಯಿತು, ಅದರ ಮುಂದಿನ ಚೌಕಟ್ಟಿನಲ್ಲೇ 388 ಮತ್ತು ಟ್ರಿಪ್.

ಹಾಗೇ ಪಕ್ಕದವರ ಪಂಪನ್ನೂ ನೋಡಿ ಬಂದೆ. ಮೋಡದಲ್ಲಿ ಅವರ ಪರದೆ 33 ಹರ್ಟ್ಸ್ ತೋರಿಸುತ್ತಿತ್ತು, ಮೋಟಾರು ಓಡುತ್ತಿದೆ ಎಂಬ ಹಸಿರು ದೀಪವೂ ಇತ್ತು. ತೊಟ್ಟಿಯ ಹತ್ತಿರ ಹೋಗಿ ಪೈಪಿನ ಬಾಯಿಗೆ ಕೈ ಇಟ್ಟರೆ ತೇವ ಬಿಟ್ಟರೆ ಬೇರೇನಿಲ್ಲ. ಬಿಸಿಲು ಬಂದ ಮೇಲೆ ಮೊದಲು ಗಾಳಿ ಉಸಿರಿದಂತಾಗಿ, ಆಮೇಲೆ ನೀರು ಬಂತು.

ಶಿರಾ ಡ್ರೈವ್ ಸರ್ವಿಸ್
490ರವರೆಗೂ 45.0 ಎಂದರೆ ಮೇಷ್ಟ್ರ ಮಾತಿಗೇ ತೂಕ ಹೆಚ್ಚು. ಆದರೂ ಇಳಿಕೆಯ ಸಮಯ ಬದಲಿಸದೆ ಇದು ಕಾಣುತ್ತಿರಲಿಲ್ಲ ಎಂಬುದನ್ನು ದಾಖಲಿಸಿ! ಈ ದರ್ಜೆಯ ಡ್ರೈವ್‌ನಲ್ಲಿ ಕೋಡ್ ನಮ್ಮ ಕೈಯಲ್ಲಿಲ್ಲ, ಪಿಐ ಸಂಖ್ಯೆಗಳು ಮಾತ್ರ ಸಿಗುತ್ತವೆ. ಅನುಪಾತದ ಗುಣಕವನ್ನು ಹೆಚ್ಚಿಸಿ, ಇಂಟಿಗ್ರಲ್ ಸಮಯವನ್ನು ಎರಡು ಮೂರು ಪಟ್ಟು ಉದ್ದ ಮಾಡಿಸಿ. ಆಗ ಕೂಡಿಡುವುದು ಕಡಿಮೆಯಾಗುತ್ತದೆ. ಹೊಸ ಫರ್ಮ್‌ವೇರ್ ಇದೆಯೇ ಎಂದು ಹಾಕಿದವರನ್ನು ಲಿಖಿತವಾಗಿ ಕೇಳಿ.

ಪಕ್ಕದವರ 33 ಹರ್ಟ್ಸ್ ಬಗ್ಗೆ: ಅದು ನೀರೆತ್ತದೆ ಸುಮ್ಮನೆ ಕಡೆಯುತ್ತಿದೆ. ಮೋಟಾರನ್ನು ತಂಪು ಮಾಡುವುದು ಅದರ ಮೈ ಸವರಿ ಹೋಗುವ ನೀರು. ಹರಿವೇ ಇಲ್ಲದಿದ್ದರೆ ಅದೇ ನೀರು ಬಿಸಿಯಾಗುತ್ತದೆ. ನಿಮ್ಮದರಲ್ಲಿ 37 ಹರ್ಟ್ಸ್‌ಗಿಂತ ಕೆಳಗೆ ಒಂದೆರಡು ನಿಮಿಷ ಇದ್ದರೆ ಮಲಗಲಿ ಎಂದು ಇಡಿಸಿ, ಮತ್ತೆ ಏಳುವ ವಿರಾಮವನ್ನು ಹತ್ತರಿಂದ ಮೂರು ನಿಮಿಷಕ್ಕೆ ಇಳಿಸಿ.

ಮಾಲೂರು ವೈಂಡಿಂಗ್
ಮೂರು ನಿಮಿಷಕ್ಕೊಮ್ಮೆ ಎದ್ದು ಮಲಗುತ್ತಿದ್ದರೆ ಬೇರಿಂಗ್‌ಗೆ ಅದೂ ಒಳ್ಳೆಯದಲ್ಲ. ಐದಾದರೂ ಇರಲಿ. ಕೇಬಲ್ ವಿಷಯವನ್ನೂ ಹೇಳಿಬಿಡುತ್ತೇನೆ. 240 ಮೀಟರ್ ಕೇಬಲ್‌ನ ತುದಿಯಲ್ಲಿ ಡ್ರೈವ್‌ನ ಮೊನಚು ಅಲೆ ತಿರುಗಿ ಬಡಿಯುವುದರಿಂದ, ಡಿಸಿ ವೋಲ್ಟೇಜಿನ ಎರಡರಷ್ಟು ಮೋಟಾರಿನ ಬಾಯಲ್ಲಿ ಬೀಳುತ್ತದೆ. ಬಿಚ್ಚಿದಾಗ ಕಾಣುವುದು ಹೀಗೆ: ಸುರುಳಿಯೆಲ್ಲ ಹೊಸದರಂತೆ ಇರುತ್ತದೆ, ಕೇಬಲ್ ಬಂದು ಸೇರುವ ಕಡೆಯ ಮೊದಲ ಸುತ್ತುಗಳಲ್ಲಿ ಮಾತ್ರ ವೈರಿನ ಹೊದಿಕೆಯ ಮೇಲೆ ಸೂಜಿ ಚುಚ್ಚಿದಷ್ಟು ಸಣ್ಣ ಕಪ್ಪು ತೂತು. ನೀರು ಅಲ್ಲಿಂದ ಒಳಗೆ ಹೋಗಿ ಅರ್ತ್ ಆಗಿರುತ್ತದೆ. ಡ್ರೈವ್‌ನ ಹೊರಗೆ ಆ ಮೊನಚನ್ನು ತಗ್ಗಿಸುವ ಚೋಕ್ ಅಥವಾ ಸೈನ್ ಫಿಲ್ಟರ್ ಇದೆಯೇ ನೋಡಿ. ಇಲ್ಲದಿದ್ದರೆ ಹಾಕಿಸಿ; ಅದರ ಬೆಲೆ ರೀವೈಂಡಿಂಗ್ ಮತ್ತು ಪೈಪು ಎತ್ತುವ ಕೂಲಿಗಿಂತ ಕಡಿಮೆಯೇ.

ತಿರುಮಣಿ ಪಾಳಿ
ಕ್ಯಾರಿಯರ್ ಫ್ರೀಕ್ವೆನ್ಸಿಯನ್ನು (ಡ್ರೈವ್ ಸೆಕೆಂಡಿಗೆ ಎಷ್ಟು ಸಲ ಡಿಸಿಯನ್ನು ತುಂಡರಿಸುತ್ತದೆ ಎಂಬುದನ್ನು) 8 ಕಿಲೋಹರ್ಟ್ಸ್‌ನಿಂದ 4ಕ್ಕೆ ಇಳಿಸಿದರೂ ಆ ಬಡಿತಗಳ ಸಂಖ್ಯೆ ಅರ್ಧವಾಗುತ್ತದೆ, ಡ್ರೈವ್‌ನೊಳಗೆ ಸ್ವಿಚ್‌ನ ಕೆಲಸ ಮಾಡುವ ಐಜಿಬಿಟಿಯೂ ತಂಪಾಗಿರುತ್ತದೆ. ಬಡಿತದ ಎತ್ತರ ಮಾತ್ರ ಇಳಿಯದು. ಸೈನ್ ಫಿಲ್ಟರ್ ಇದ್ದರೆ ಅದರ ತಯಾರಕರು ಹೇಳಿದ ಕನಿಷ್ಠ ಫ್ರೀಕ್ವೆನ್ಸಿಗಿಂತ ಕೆಳಗೆ ಹೋಗಬೇಡಿ.

ಅಂತಿಮ ವರ್ಷ ಇಇಇ
ಮೇಷ್ಟ್ರೇ, ರೆಸಿಸ್ಟರ್ ತೆಗೆದು ಸ್ಥಿರಶಕ್ತಿಯ ಹೊರೆ ಇಟ್ಟು ಓಡಿಸಿದೆವು. ನೀವು ಹೇಳಿದಂತೆಯೇ ಕುಸಿಯಿತು. ಸಿಮ್ಯುಲಿಂಕ್‌ನ ಪಿಐ ಬ್ಲಾಕಿನಲ್ಲಿ ವೈಂಡಪ್ ತಡೆಯುವ ಆಯ್ಕೆ ಇದೆ, ಆದರೆ ನಾವಾಗಿ ಆರಿಸದಿದ್ದರೆ ಅದು ಇರುವುದಿಲ್ಲ. ಇನ್ನೊಂದು ಪ್ರಶ್ನೆ: ಇವರಿಗೆ ಪ್ಯಾನಲ್ ಮತ್ತು ಡ್ರೈವ್ ನಡುವೆ ಬೂಸ್ಟ್ ಕನ್ವರ್ಟರ್ ಇಟ್ಟರೆ 45 ಹರ್ಟ್ಸ್‌ನ ಮಿತಿ ಹೋಗುತ್ತದಲ್ಲವೇ?

ತುಮಕೂರು ಮೇಷ್ಟ್ರು
ಹೋಗುತ್ತದೆ, ಆದರೆ ನಿಯಂತ್ರಣ ಇನ್ನಷ್ಟು ತೊಡಕಾಗುತ್ತದೆ. ಬೂಸ್ಟ್‌ನಲ್ಲಿ ಹೊರಗಿನ ವೋಲ್ಟೇಜ್ ಹೆಚ್ಚಿಸಲೆಂದು ಡ್ಯೂಟಿ (ಸ್ವಿಚ್ ಆನ್ ಇರುವ ಹೊತ್ತಿನ ಪಾಲು) ಏರಿಸಿದರೆ ಮೊದಲು ಅದು ಇಳಿಯುತ್ತದೆ, ಏಕೆಂದರೆ ಇಂಡಕ್ಟರ್ ತುಂಬಿಕೊಳ್ಳುವ ಹೊತ್ತಿನಲ್ಲಿ ಡಯೋಡ್ ದಾಟಿ ಹೋಗುವ ಕರೆಂಟ್ ಕಡಿಮೆಯಾಗುತ್ತದೆ. ಬಲ ಅರ್ಧತಲದ ಶೂನ್ಯ ಎಂದು ನೀವು ಓದಿರುವುದು ಇದನ್ನೇ. ಅದಕ್ಕಾಗಿ ಆ ಕುಣಿಕೆಯನ್ನು ಬೇಕೆಂದೇ ನಿಧಾನವಾಗಿಡಬೇಕಾಗುತ್ತದೆ. ಒಂದು ಪ್ಯಾನಲ್ ಸೇರಿಸಿ 15 ಮಾಡಿಕೊಂಡರೆ ಇದ್ಯಾವುದೂ ಇಲ್ಲದೆ ಒಂದೆರಡು ಹರ್ಟ್ಸ್ ಹೆಚ್ಚು ಸಿಗುತ್ತದೆ. ಸ್ಲೈಡಿಂಗ್ ಮೋಡ್ ಪ್ರಾಜೆಕ್ಟನ್ನು ಬಿಡಬೇಡಿ. ಹೊರೆಯನ್ನು ಮಾತ್ರ ಪಂಪಿನದಾಗಿಸಿ. ನಿಮ್ಮ ಪರೀಕ್ಷಕರಿಗೂ ಹೊಸ ವಿಷಯ ಸಿಕ್ಕಂತಾಗುತ್ತದೆ.

ಗೌರಿಬಿದನೂರು ಮುಸುಕಿನಜೋಳ
‘ಡ್ರೈ ರನ್’ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲವಲ್ಲ?

ಶಿರಾ ಡ್ರೈವ್ ಸರ್ವಿಸ್
ಅದು ಸುಲಭ. ಕರೆಂಟ್ ಇಷ್ಟು ಆಂಪಿಯರ್‌ಗಿಂತ ಕಡಿಮೆಯಾದರೆ ಬಾವಿ ಒಣಗಿದೆ ಎಂದು ಒಂದೇ ಸಂಖ್ಯೆ ಇಟ್ಟಿರುತ್ತಾರೆ. 45 ಹರ್ಟ್ಸ್‌ಗೆ ಸರಿಯಾದ ಆ ಸಂಖ್ಯೆ 39ಕ್ಕೆ ಸರಿಯಾಗದು. ಹರ್ಟ್ಸ್ ಇಳಿದಾಗ ನೀರಿದ್ದರೂ ಕರೆಂಟ್ ಇಳಿಯುತ್ತದೆ. ಹರ್ಟ್ಸ್‌ಗೆ ತಕ್ಕಂತೆ ಮಿತಿ ಬದಲಾಗುವ ಆಯ್ಕೆ ಇದ್ದರೆ ಅದನ್ನು ಆರಿಸಿ. ಇಲ್ಲದಿದ್ದರೆ, 42 ಹರ್ಟ್ಸ್ ದಾಟಿದಾಗ ಮಾತ್ರ ಡ್ರೈ ರನ್ ಪರೀಕ್ಷೆ ನಡೆಯಲಿ ಎಂದು ಇಡಿಸಿ.

ಕೈವಾರದ ತೋಟ
ಇಂಟಿಗ್ರಲ್ ಸಮಯ ಮೂರು ಪಟ್ಟು, ಅನುಪಾತದ ಗುಣಕ ಸ್ವಲ್ಪ ಮೇಲೆ, ಮಲಗುವ ಮಿತಿ 37, ಏಳುವ ವಿರಾಮ ಐದು ನಿಮಿಷ, ಡ್ರೈ ರನ್ 42ರ ಮೇಲೆ. ಎಲ್ಲವನ್ನೂ ಮೆಕ್ಯಾನಿಕ್‌ನಿಂದಲೇ ಮಾಡಿಸಿ, ಕಾಗದದ ಮೇಲೆ ಸಹಿ ಹಾಕಿಸಿಕೊಂಡೆ. ಈಗ ದಟ್ಟ ಮೋಡ ಬಂದರೆ ಹರ್ಟ್ಸ್ ಸರಸರನೆ 39, 38ಕ್ಕೆ ಇಳಿದು, ನೀರು ಸಣ್ಣಗಾಗಿ, ಮತ್ತೆ ಏರುತ್ತದೆ. ಆಗೊಮ್ಮೆ ಈಗೊಮ್ಮೆ ಮಲಗುತ್ತದೆ, ಟ್ರಿಪ್ ಮಾತ್ರ ಅಪರೂಪ. ಬೆಳಗಿನ ಹೊತ್ತು ಹರ್ಟ್ಸ್ ಒಂದು ಹೆಚ್ಚು, ಒಂದು ಕಡಿಮೆ ಎಂದು ತೂಗಾಡುವುದು ಹೊಸದಾಗಿ ಶುರುವಾಗಿದೆ.

ತುಮಕೂರು ಮೇಷ್ಟ್ರು
ಅನುಪಾತದ ಗುಣಕ ಸ್ವಲ್ಪ ಹೆಚ್ಚಾಗಿದೆ. ಏರಿಸಿದ್ದರಲ್ಲಿ ಕಾಲುಭಾಗ ಇಳಿಸಿ ನೋಡಿ.

ಬಂಗಾರಪೇಟೆ ಬಸ್
ನನ್ನದೂ ಒಂದು ಪ್ರಶ್ನೆ. ಮೋಡವಿದ್ದಾಗ ಬೆಸ್ಕಾಂ ತ್ರೀ ಫೇಸ್ ಇದ್ದರೆ ಅದೇ ಡ್ರೈವ್‌ಗೆ ಕೊಡಬಹುದೇ?

ಶಿರಾ ಡ್ರೈವ್ ಸರ್ವಿಸ್
ಡ್ರೈವ್‌ನಲ್ಲಿ ಎಸಿ ಇನ್‌ಪುಟ್ ಇದ್ದರೆ ಕೊಡಬಹುದು, ಆದರೆ ಎರಡನ್ನೂ ಒಟ್ಟಿಗಲ್ಲ. ನಡುವೆ ಚೇಂಜ್‌ಓವರ್ ಸ್ವಿಚ್ ಇರಲೇಬೇಕು, ಮತ್ತು ಎಸಿ ಕಡೆಗೆ ತಿರುಗಿಸಿದಾಗ ಎಂಪಿಪಿಟಿ ಆರಿರಬೇಕು. ಇಲ್ಲದಿದ್ದರೆ, ಬದಲಾಗದ 587 ವೋಲ್ಟಿನ ಡಿಸಿಯಲ್ಲಿ ಅದು ಇಲ್ಲದ ಶಿಖರವನ್ನು ಹುಡುಕುತ್ತಾ ಹರ್ಟ್ಸನ್ನು ಅತ್ತಿತ್ತ ಎಳೆದಾಡುತ್ತಲೇ ಇರುತ್ತದೆ.